ಕಂಡಕ್ಟರಮ್ಮನ ಕೆಲಸ

ತಮ್ಮನಿಗೆ ಸ್ಕೂಲ್ ಬಸ್ಸಿನ ಡ್ರೈವರ್ ಕೆಲಸ ಕೊಡಿಸಿದ್ದು ಅಕ್ಕನೇ. ಮಕ್ಕಳ ಯೂನಿಫಾರ್ಮ್ ಹೊಲಿಯುವವಳೆಂದು ಶಾಲೆಯಲ್ಲಿ ಅವಳ ಮಾತಿಗೆ ಬೆಲೆಯಿತ್ತು. "ನನ್ನ ಮಗಳೂ ಅದೇ ಬಸ್ಸಲ್ಲಿ ಬರ್ತಾಳೆ ಮೇಡಂ, ಇನ್ನೇನು ಬೇಕು?" ಎಂದು ಹೆಡ್ ಮೇಡಂ ಎದುರು ಎದೆ ತಟ್ಟಿ ಹೇಳಿದ್ದಳು. ಬಸ್ಸಿನ ಆಯಾ ಕೆಲಸ ಬಿಟ್ಟು ಹೋದ ಮೇಲೆ ಅವನು ಅಕ್ಕನ ಮಗಳನ್ನು ತನ್ನ ಬೆನ್ನ ಹಿಂದಿನ ಸೀಟಿನಲ್ಲೇ ಕೂರಿಸಿ, "ಕಂಡಕ್ಟರಮ್ಮ" ಎಂದು ಹೆಸರಿಟ್ಟ. ಆ ಸೀಟಿನ ಗತ್ತಿನಲ್ಲಿ ಹುಡುಗಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಮ್ಮನದೂ ಅಷ್ಟೇ ಎನ್ನಿ.

ಆವತ್ತು ಹುಡುಗಿಗೆ ಮೈ ಸುಡುವ ಜ್ವರ. ಬಸ್ಸು ಬಂದು ಹಾರ್ನ್ ಹೊಡೆದಾಗ ಅಮ್ಮ ಕಿಟಕಿಯಿಂದಲೇ ಕೈಯಾಡಿಸಿ ಕಳಿಸಿಬಿಟ್ಟಳು. ಅಷ್ಟಕ್ಕೇ ಹುಡುಗಿ ಹಾಸಿಗೆಯಿಂದೆದ್ದು ಶೂ ಹುಡುಕತೊಡಗಿದಳು. ಸ್ಕೂಲೆಂದರೆ ಹೊಟ್ಟೆನೋವು ಬರಿಸಿಕೊಳ್ಳುವ ಮಗಳು ಇವಳೇನಾ ಎಂದು ಅಮ್ಮನಿಗೆ ನಗು ಬಂತು.

"ನಾನ್ ಹೋಗ್ಲೇಬೇಕಮ್ಮ. ಮಾಮನ್ನ ಯಾರು ಎಬ್ಬಿಸ್ತಾರೆ?"

"ಎಬ್ಬಿಸೋದಾ?"

ಮಗಳು ತುಟಿ ಕಚ್ಚಿಕೊಂಡಳು. ಆಮೇಲೆ ಜ್ವರದಲ್ಲೋ ಭಯದಲ್ಲೋ ಎಲ್ಲ ಹೊರಬಿತ್ತು. ಮಾಮ ರಾತ್ರಿಯೆಲ್ಲ ಯಾರದೋ ಟ್ಯಾಕ್ಸಿ ಓಡಿಸುತ್ತಾನೆ. ಬೆಳಿಗ್ಗೆ ಬಸ್ಸು ಓಡಿಸುವಾಗ ಅವನ ತಲೆ ವಾಲುತ್ತದೆ. ವಾಲಿದ ಕೂಡಲೇ ಹಿಂದಿನಿಂದ ಕಿವಿ ಹಿಂಡಬೇಕು. ಕಂಡಕ್ಟರಮ್ಮನ ಕೆಲಸವೆಂದರೆ ಅದು.

"ನಿಂಗೆ ಹೇಳ್ಬಾರ್ದು ಅಂತ ಆಣೆ ಮಾಡಿಸ್ಕೊಂಡಿದಾನೆ. ನೀನೂ ಯಾರಿಗೂ ಹೇಳ್ಬೇಡ."

ಅಮ್ಮ ಸ್ಕೂಟರಿನ ಕೀ ಕೈಗೆತ್ತಿಕೊಂಡಳು. ಫೋನ್ ಮಾಡೋಣವೆಂದರೆ, ಓಡುವ ಬಸ್ಸಿನಲ್ಲಿ ಅವನು ಫೋನಿಗೆ ಕೈ ಹಾಕಿದರೆ ಅದೊಂದು ಬೇರೆ ಗಂಡಾಂತರ. ಮಗಳನ್ನು ಗಂಡನ ಕೈಗೆ ಒಪ್ಪಿಸಿ ಸ್ಕೂಟರನ್ನು ಗಲ್ಲಿಗಳಲ್ಲಿ ನುಗ್ಗಿಸಿದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಆ ಬೇಲಿ ಹಾಕಿದವಳೂ ತಾನೇ.

ಬ್ಯಾಂಕಿನ ಎದುರಿನ ಸ್ಟಾಪಿನಲ್ಲಿ ಬಸ್ಸು ಸಿಕ್ಕಿತು. ಮಕ್ಕಳೆಲ್ಲ ಕ್ಷೇಮ, ಎಂದಿನ ಗಲಾಟೆ. ಅವಳು ಹತ್ತಿದವಳೇ ಮೊದಲು ಬಸ್ಸಿನ ಕೀ ಕಿತ್ತುಕೊಂಡಳು. ತಮ್ಮನ ಕಣ್ಣು ಕೆಂಪಗಾಗಿತ್ತು. ಅವನ ಬೆನ್ನ ಹಿಂದೆ ಎರಡನೇ ಕ್ಲಾಸಿನ ಇನ್ನೊಂದು ಮಗು ಸೀಟಿನ ತುದಿಯಲ್ಲಿ ನೆಟ್ಟಗೆ ಕುಳಿತಿತ್ತು.

"ಆಂಟಿ, ಇವತ್ತು ನಾನೇ ಕಂಡಕ್ಟರ್," ಎಂದಿತು ಹೆಮ್ಮೆಯಿಂದ.

ತಮ್ಮ ದನಿ ತಗ್ಗಿಸಿದ. "ಇಷ್ಟು ದಿನ ಏನಾದ್ರೂ ಆಗಿದ್ಯಾ ಅಕ್ಕ? ಮನೆ ಮಾತು ಮನೇಲೇ ಇರ್ಲಿ. ನನ್ ಹೊಟ್ಟೆ ಮೇಲೆ ಹೊಡೀಬೇಡ."

"ನಿನ್ನ ನಂಬಿ ನನ್ನ ಹೊಟ್ಟೇಲಿ ಹುಟ್ಟಿದ್ದನ್ನೇ ಈ ಬಸ್ಸು ಹತ್ತಿಸಿದ್ದೆ ಕಣೋ," ಎಂದಳು.

ಅಲ್ಲೇ ನಿಂತು ಹೆಡ್ ಮೇಡಂಗೆ ಫೋನ್ ಮಾಡಿ ಒಂದೂ ಬಿಡದೆ ಹೇಳಿದಳು. ಆ ಕಡೆಯಿಂದ, "ನೀವೇ ಅಲ್ವಾ ಗ್ಯಾರಂಟಿ ಕೊಟ್ಟಿದ್ದು?" ಎಂಬ ಮಾತು ಬಂತು. "ನಾನೇ ಮೇಡಂ. ಮೊದಲು ಬೇರೆ ಡ್ರೈವರನ್ನ ಕಳ್ಸಿ," ಎಂದಳು. ಬೇರೆ ಡ್ರೈವರ್ ಬಂದು ಬಸ್ಸು ಹೊರಟ ಮೇಲೆಯೇ ಅವಳು ಅಲ್ಲಿಂದ ಕದಲಿದ್ದು. ತಮ್ಮ ಫುಟ್‌ಪಾತಿನ ಮೇಲೆ ಕುಳಿತಿದ್ದ. ಅವಳು ತಿರುಗಿ ನೋಡಲಿಲ್ಲ.

ಮನೆಯಲ್ಲಿ ಮಗಳು ಎಚ್ಚರವಾಗಿಯೇ ಇದ್ದಳು.

"ಮಾಮಂಗೆ ಏನೂ ಆಗಿಲ್ಲ ತಾನೆ?"

"ಇಲ್ಲ, ಪುಟ್ಟ."

"ನೀನು ಹೇಳ್ಬಿಟ್ಯಾ?"

ಅಮ್ಮ ಮಗಳ ಹಣೆಯ ಮೇಲೆ ಕೈಯಿಟ್ಟಳು. ಹುಡುಗಿ ಆ ಕೈಯನ್ನು ತಳ್ಳಿ ಗೋಡೆಯ ಕಡೆ ಹೊರಳಿದಳು.

"ಇನ್ಮೇಲೆ ನಿಂಗೆ ಏನೂ ಹೇಳಲ್ಲ."