ತಂಗಿಯ ಜಂತಿ

ಭೂಕಂಪಕ್ಕೆ ಬಿದ್ದ ಫಲ್ಚಾ ಆರು ವರ್ಷವಾದರೂ ಎದ್ದಿರಲಿಲ್ಲ. ನೇಪಾಳದ ಭಕ್ತಪುರದ ಆ ಓಣಿಯವರಿಗೆ ಸಂಜೆ ಕೂತು ಭಜನೆ ಹಾಡಲು, ಹರಟೆ ಹೊಡೆಯಲು ಇದ್ದದ್ದು ಅದೊಂದೇ ಮರದ ಮಂಟಪ. ಈಗ ಮುದುಕರು ತಗಡಿನ ಕೆಳಗೆ ಹಾಡುತ್ತಿದ್ದರು. ಮಳೆ ಬಂದರೆ ಅವರ ದನಿ ಅವರಿಗೇ ಕೇಳುತ್ತಿರಲಿಲ್ಲ.

ಎಂಜಿನಿಯರ್ ಸಬಿನಾ ಶಿಲ್ಪಕಾರ್ ಮತ್ತೆ ಮರದಲ್ಲೇ ಕಟ್ಟೋಣವೆಂದು ನಕ್ಷೆ ತಂದಳು. ಬಡಗಿಗಳ ಮನೆಮಗಳು, ಕೆಲಸ ಬಲ್ಲವಳು. ಹರ್ಷಮಾಯಾ ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲರೂ ಹೂಂ ಎಂದರು. ಒಂದು ಮನೆ ಬೇಡವೆಂದರೂ ಊರೊಟ್ಟಿನ ಕೆಲಸ ನೋಡಿಕೊಳ್ಳುವ ಓಣಿಯ ಸಂಘ, ಗುಠಿಯವರು, ಗುದ್ದಲಿ ಎತ್ತುವುದಿಲ್ಲ.

"ನನ್ನ ತಂಗೀನ ಕೊಂದಿದ್ದು ಮರ ಕಣೇ. ಸಿಮೆಂಟ್ ಹಾಕ್ಸು, ಇಲ್ಲಾ ಸುಮ್ನಿರು" ಎಂದಳು ಅಜ್ಜಿ.

ಸಬಿನಾ ವಾದಕ್ಕಿಳಿಯಲಿಲ್ಲ. ಭೂಕಂಪದ ದಿನ ಅಜ್ಜಿಯ ಮನೆಯಲ್ಲಿ ತಂಗಿಯ ಮೇಲೆ ಬಿದ್ದ ಆ ಜಂತಿ ಎಲ್ಲಿದೆ ಎಂದು ಕೇಳಿದಳು. ಅದು ಅಜ್ಜಿಯ ಅಂಗಳದಲ್ಲೇ ಇತ್ತು. ಸೌದೆಗೂ ಕೊಡದೆ, ಯಾರಿಗೂ ಮುಟ್ಟಲು ಬಿಡದೆ ಇಟ್ಟುಕೊಂಡಿದ್ದಳು ಪುಣ್ಯಾತ್ಗಿತ್ತಿ. ಸಬಿನಾ ನಡುವೆ ಉಳಿ ಹೊಡೆದಳು, ಪುಟಿಯಿತು. ತುದಿಗೆ ಒತ್ತಿದಳು, ಹಿಡಿಯವರೆಗೂ ಇಳಿಯಿತು.

"ಈ ತುದಿ ಗೋಡೆಯೊಳಗಿತ್ತಲ್ವಾ ಅಜ್ಜಿ? ಸೂರು ಸೋರ್ತಿತ್ತಾ?"

"ಸೋರ್ತಿತ್ತು. ನಾನೇ ಹೊರಗಿಂದ ಸಿಮೆಂಟ್ ಮೆತ್ತಿಸ್ದೆ."

ಹೇಳುತ್ತಲೇ ಅಜ್ಜಿಗೆ ಎಲ್ಲ ಅರ್ಥವಾಯಿತು. ನೀರು ಹೊರಗೆ ಹೋಗದೆ ಒಳಗೇ ನಿಂತು ಮರವನ್ನು ಕೊಳೆಸಿತ್ತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ನಿಮಗೆ ಯಾರೂ ಹೇಳಿರ್ಲಿಲ್ಲ ಅಜ್ಜಿ" ಎಂದು ಸಬಿನಾ ಪಕ್ಕದಲ್ಲೇ ಕೂತಳು.

ಆಮೇಲೆ ನಕ್ಷೆ ಬಿಡಿಸಿದಳು. ಕಂಬಗಳು ಮಣ್ಣಿನಲ್ಲಲ್ಲ, ಕಲ್ಲಿನ ಮೇಲೆ ನಿಲ್ಲುತ್ತವೆ. ಜಂತಿಯ ತುದಿಗಳಿಗೆ ಗಾಳಿಯಾಡುತ್ತದೆ. ಮರದ ಗೂಟ ಹೊಡೆದ ಜೋಡಣೆ ನೆಲ ನಡುಗಿದಾಗ ತುಸು ಅಲುಗಿ ತಾಳಿಕೊಳ್ಳುತ್ತದೆ. ಒಂದು ತುಂಡು ಹಾಳಾದರೆ ಅದನ್ನಷ್ಟೇ ಬದಲಿಸಬಹುದು. ಹಳೆಯ ಮರವನ್ನು ಆದಷ್ಟೂ ಬಳಸಿ, ಸಾಲದ್ದನ್ನು ಊರ ಕಾಡಿನಿಂದ ತಂದು, ಕಡಿದಲ್ಲಿ ಸಸಿ ನೆಡುವುದು.

ಅಜ್ಜಿ ಕಣ್ಣೊರೆಸಿಕೊಂಡಳು. "ಕೊಳೆತಿದ್ದು ಕೊಯ್ದು ಹಾಕು. ಉಳಿದಿದ್ದರಲ್ಲಿ ಫಲ್ಚಾದ ಮುಂಗಡೆ ಕಂಬ ಮಾಡು."

ಎಂಥ ಚೆಂದದ ಫಲ್ಚಾ ಎದ್ದಿತು! ಅಜ್ಜಿ ಸಂಜೆ ಆ ಕಂಬಕ್ಕೇ ಒರಗಿ ಭಜನೆ ಕೇಳುತ್ತಾಳೆ. ಮಳೆಗಾಲಕ್ಕೆ ಮುಂಚೆ ಚಾಕು ಹಿಡಿದು ಪ್ರತಿ ಕಂಬದ ಬುಡವನ್ನೂ ಚುಚ್ಚಿ ನೋಡುತ್ತಾಳೆ.

ನಿಮ್ಮ ಸೂರು ಸೋರುತ್ತಿದೆಯೇ? ಇಂದೇ ಸರಿಪಡಿಸಿ. ಹಸಿ ಗೋಡೆಗೆ ಸಿಮೆಂಟ್ ಮೆತ್ತಬೇಡಿ. ಹಳೆಯ ಮನೆ ಕೆಡವುವ ಮೊದಲು ಬಲ್ಲ ಬಡಗಿಗೆ ಮರದ ತುದಿ ತೋರಿಸಿ. ಹರ್ಷಮಾಯಾ ಅಜ್ಜಿಗೆ ಇದನ್ನು ಹೇಳುವವರಿರಲಿಲ್ಲ. ನಿಮಗೆ ನಾವು ಹೇಳಿದ್ದೇವೆ.