ಸರ್‌ಗೂ ಒಬ್ಬರಿದ್ದರಂತೆ

ಅಂಗಡಿಯಲ್ಲಿ ಒಂದು ಕಾಲಿಗೆ ಹೊಸ ಶೂ ಹಾಕಿ, ಇನ್ನೊಂದರ ಕಾಲುಚೀಲದ ತೂತಿನಿಂದ ಇಣುಕುತ್ತಿದ್ದ ಹೆಬ್ಬೆರಳನ್ನು ಒಳಗೆ ತಳ್ಳುತ್ತಿದ್ದಾಗಲೇ "ಅಯ್ಯೋ, ಸರ್!" ಎಂಬ ಕೂಗು ಕೇಳಿಸಿತು.

ಮೇಷ್ಟ್ರು ತಲೆಯೆತ್ತಿದರು. ಅವರದೇ ಹತ್ತನೇ ತರಗತಿಯ ಇಬ್ಬರು ಹುಡುಗಿಯರು. ಒಬ್ಬಳು, ಬಾಯಿ ಮುಚ್ಚಲು ಬಾರದ್ದಕ್ಕೆ 'ರೇಡಿಯೋ' ಎನಿಸಿಕೊಂಡವಳು. ಇನ್ನೊಬ್ಬಳು ಕೊನೆಯ ಬೆಂಚಿನ ಮೌನಿ.

"ನೀವೂ ಶೂ ತಗೋತೀರಾ ಸರ್?" ಎಂದಳು ರೇಡಿಯೋ.

"ಮತ್ತೆ? ಹಾಕ್ಕೊಂಡೇ ಹುಟ್ಟಿದ್ನಾ?"

"ನೀವು ಲ್ಯಾಬಲ್ಲೇ ಮಲಗ್ತೀರಿ ಅಂದ್ಕೊಂಡಿದ್ವಿ!"

"ಆಸಿಡ್ ವಾಸನೆಗೆ ನಿದ್ದೆ ಬರಲ್ಲ."

ಅಂಗಡಿಯವನೂ ನಕ್ಕ. ಇಷ್ಟು ವರ್ಷ ರಸಾಯನಶಾಸ್ತ್ರ ಕಲಿಸಿದ ಮೇಷ್ಟ್ರಿಗೆ ತಮಗೆ ತಮಾಷೆಯೂ ಬರುತ್ತದೆಂದು ಗೊತ್ತಾದದ್ದು ಈಗ.

ರೇಡಿಯೋ ಚಪ್ಪಲಿಗಳ ಕಡೆ ಹೋದಳು. ಮೌನಿ ಅಲ್ಲೇ ನಿಂತಳು.

"ಸರ್, ನಿಮ್ಮ ಕಥೆ ನಿಜಾನಾ?"

"ಯಾವ ಕಥೆ?"

"ಕ್ಲಾಸಿಗೆಲ್ಲ ಗೊತ್ತು. ನಿಮಗೊಬ್ರು ಇದ್ರಂತೆ. ವಯಲಿನ್ ನುಡಿಸ್ತಿದ್ರಂತೆ. ಬಿಟ್ಟು ಹೋದ್ರಂತೆ. ಅದಕ್ಕೇ ನೀವು ಮದ್ವೆ ಆಗ್ಲಿಲ್ಲ. ಅದಕ್ಕೇ ಪಾಠದ ಮಧ್ಯೆ ಕಿಟಕಿ ಕಡೆ ನೋಡ್ತೀರಿ."

ಕಿಟಕಿಯ ಕಡೆ ನೋಡುವುದು, ಗಂಟೆ ಹೊಡೆಯುವ ಜವಾನ ಬಂದನೇ ಎಂದು. ಮದುವೆಯಾಗದ್ದಕ್ಕಂತೂ ಕಾರಣವೇ ಇರಲಿಲ್ಲ. ಅಕ್ಕ ಸಂಬಂಧ ತಂದಾಗಲೆಲ್ಲ "ನೋಡೋಣ" ಎಂದಿದ್ದರು. ನೋಡುತ್ತ ನೋಡುತ್ತಲೇ ತಲೆ ನರೆತಿತ್ತು.

ಸುಳ್ಳು ಎನ್ನಬೇಕಿತ್ತು.

"ವಯಲಿನ್ನಾ?" ಎಂದುಬಿಟ್ಟರು.

ಅವಳ ಕಣ್ಣು ತುಂಬಿತು. "ನನಗೂ ಹಾಗೇ ಆಗಿದೆ ಸರ್. ಅವನು ಮಾತೇ ಬಿಟ್ಟಿದ್ದಾನೆ. ಇದೆಲ್ಲ ನಿಮಗೆ ಮಾತ್ರ ಅರ್ಥ ಆಗೋದು. ನಿಮ್ಮ ನಂಬರ್ ಕೊಡಿ. ದಿನಾ ಸ್ವಲ್ಪ ಹೊತ್ತು ಮಾತಾಡ್ತೀನಿ, ಅಷ್ಟೇ."

ಅವರ ನಂಬರನ್ನು ಹೀಗೆ ಆಸೆಪಟ್ಟು ಯಾರೂ ಕೇಳಿರಲಿಲ್ಲ. ಕೈ ಜೇಬಿನವರೆಗೆ ಹೋಗಿ ಹಿಂದೆ ಬಂತು.

"ಇಲ್ಲಮ್ಮ. ನಾನು ನಿನ್ನ ಮೇಷ್ಟ್ರು. ಗೆಳೆಯನಾಗೋಕೆ ಹೋದ್ರೆ ಎರಡೂ ಕೆಡುತ್ತೆ. ಸೋಮವಾರ ಕೌನ್ಸೆಲಿಂಗ್ ಮೇಡಂ ಹತ್ರ ಹೋಗು, ನಾನು ಹೇಳಿಡ್ತೀನಿ. ಇವತ್ತು ಅಮ್ಮನ ಹತ್ರ ಮಾತಾಡು."

"ಅಮ್ಮ ಬೈತಾರೆ."

"ಬೈದು ಸುಸ್ತಾದ್ಮೇಲೆ ಕೇಳಿಸ್ಕೋತಾರೆ."

ಅಳುತ್ತಲೇ ಕಿಸಕ್ಕನೆ ನಕ್ಕಳು.

"ಇನ್ನು ಆ ಕಥೆ. ಅದು ಪೂರ್ತಿ ಸುಳ್ಳು. ಯಾರೂ ಇರ್ಲಿಲ್ಲ."

ಹುಡುಗಿ ಅವರನ್ನು, ಜ್ವರ ಬಂದವರನ್ನು ನೋಡುವಂತೆ ನೋಡಿದಳು.

"ಗೊತ್ತಾಯ್ತು ಸರ್. ಕೆಲವನ್ನು ಹೇಳ್ಕೊಳ್ಳೋಕಾಗಲ್ಲ. ನಾನು ಯಾರಿಗೂ ಹೇಳಲ್ಲ."

ಹಾಗೆಂದವಳು ನೇರ ರೇಡಿಯೋ ಹತ್ತಿರಕ್ಕೆ ಓಡಿದಳು.

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಮಾಡಬೇಕಾದ್ದನ್ನು ಮಾಡಿದ್ದಾಗಿತ್ತು, ಸೋಮವಾರ ಮರೆಯದೆ ಮೇಡಂಗೆ ಹೇಳಬೇಕು. ಶೂ ಕೊಂಡು ಬಸ್ಸು ಹತ್ತಿದಾಗಲೂ ತುಟಿಯಂಚಿನಲ್ಲಿ ನಗು ಉಳಿದೇ ಇತ್ತು. ಇಬ್ಬರು ಕೂರುವ ಸೀಟು ಸಿಕ್ಕಿತು. ಏನೋ ಗುನುಗುತ್ತ ಕೂತರು.

ಮುಂದಿನ ನಿಲ್ದಾಣದಲ್ಲಿ ಜನ ನುಗ್ಗಿದರು. ದಪ್ಪಗಿನ ಗೃಹಸ್ಥರೊಬ್ಬರು ಏದುಸಿರು ಬಿಡುತ್ತ ಬಂದು, "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದರು.

"ಇದ್ದಾರೆ," ಎಂದರು ಮೇಷ್ಟ್ರು.

ಗೃಹಸ್ಥರು ಗೊಣಗುತ್ತ ಕಂಬಿ ಹಿಡಿದು ನಿಂತರು. ಬಸ್ಸು ಹೊರಟಿತು. ನಿಂತವರೆಲ್ಲ ಆ ಖಾಲಿ ಜಾಗವನ್ನೇ ನೋಡುತ್ತಿದ್ದರು. ಮೇಷ್ಟ್ರು ಚೀಲವನ್ನು ತೊಡೆಯ ಮೇಲೆತ್ತಿಕೊಂಡು, ಪಕ್ಕದವರಿಗೆ ಇಕ್ಕಟ್ಟಾಗಬಾರದೆಂದು ಇನ್ನಷ್ಟು ಅಂಚಿಗೆ ಸರಿದು ಕೂತರು.