ದಮಾಸೊ ಬಿಟ್ಟುಕೊಟ್ಟ ಅಣಬೆ ಜಾಗ

ಪ್ರವಾಸಿಗರ ಕಚೇರಿಯ ಹುಡುಗಿ ಊರಿನ ನಕ್ಷೆ ಬಿಡಿಸಿ, "ಎಷ್ಟು ದಿನ ಇರ್ತೀರಮ್ಮ ಇಲ್ಲಿ?" ಅಂತ ಕೇಳಿದಾಗ ಬೆನಿತಾಳಿಗೆ ನಗು ಬಂತು. ಬುರ್ಗೊ ಊರಿನ ಕೆಥೆಡ್ರಲ್ ಗಂಟೆ ಕೇಳಿಕೊಂಡೇ ಅರವತ್ತೆಂಟು ವರ್ಷ ಕಳೆದವಳು ಅವಳು. ಆದರೂ ಸಿಕ್ಕಿದ ಕಾಗದಗಳನ್ನೆಲ್ಲ ಬಾಚಿಕೊಂಡಳು. ನದಿ ದಂಡೆಯ ದಾರಿ, ಕೋಟೆ ಗುಡ್ಡ, ಕಣಿವೆಯಲ್ಲಿ ರಣಹದ್ದು ನೋಡುವ ಜಾಗ, ಚೌಕದಲ್ಲಿ ಹಿರಿಯರ ವ್ಯಾಯಾಮ. ಇಷ್ಟರಲ್ಲಿ ಒಂದಾದರೂ ಗಂಡನನ್ನು ಹೊಸಿಲು ದಾಟಿಸಿದರೆ ಸಾಕಿತ್ತು.

ಗಂಡ ಮಕಾರಿಯೊ ಮೂವತ್ತೈದು ವರ್ಷ ಕೆಥೆಡ್ರಲ್ಲಿನ ಸೂರಿನ ಮೇಲೆ ಹೆಂಚು ಕೂರಿಸಿದವನು. ಜೂನಿನ ಬೇಸಿಗೆಯಲ್ಲಿ ಲಕ್ವ ಹೊಡೆದು ಬಲಗಾಲು ಸ್ವಾಧೀನ ತಪ್ಪಿತು. ಅರ್ಧ ಮರಳಿದೆ, ಚಳಿ ಹಿಡಿಯುವ ಮೊದಲು ದಿನಾ ಹೊರಗೆ ನಡೆದರೆ ಉಳಿದದ್ದೂ ಮರಳುತ್ತದೆ, ಇಲ್ಲವಾದರೆ ಕುರ್ಚಿಯೇ ಗತಿ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದಳು. ಇವನೋ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ನದಿ ದಂಡೆ ಬಾತುಕೋಳಿಗಳಿಗೆ ಅಂದ. ರಣಹದ್ದು ತನ್ನನ್ನು ನೋಡಿ ಆಸೆಪಟ್ಟಾವು ಅಂದ. ವ್ಯಾಯಾಮದ ಕಾಗದವನ್ನು ಮಡಚಿ ಮೇಜಿನ ಕುಂಟು ಕಾಲಿಗೆ ಕೊಟ್ಟ. ನಿಜವಾದ ಕಾರಣ ಬೆನಿತಾಳಿಗೆ ಗೊತ್ತಿತ್ತು. ಎಲ್ಲಿಗೆ ಹೋದರೂ ದಾಟಬೇಕಾದ ಚೌಕದ ಬೆಂಚುಗಳ ಮೇಲೆ ಅರ್ಧ ಊರೇ ಕೂತಿರುತ್ತದೆ. ಬೆಕ್ಕಿನ ಹಾಗೆ ಸೂರಿನ ಮೇಲೆ ಓಡಾಡಿದವನು ಅವರೆದುರು ಕಾಲೆಳೆದುಕೊಂಡು ಹೋಗಬೇಕಲ್ಲ, ಅದು ಅವನಿಗೆ ಸಾವಿಗಿಂತ ಕಷ್ಟವಾಗಿತ್ತು.

ಅಕ್ಟೋಬರ್ ಬಂತು. ಮಳೆ ಬಿದ್ದು ಎರಡು ವಾರವಾಗಿ ಪೈನ್ ಕಾಡಿನಲ್ಲಿ ಕಿತ್ತಳೆ ಬಣ್ಣದ ನೀಸ್ಕಲೊ ಅಣಬೆ ಎದ್ದಿತು. ಬೆನಿತಾ ಕೊನೆಯ ಪ್ರಯತ್ನವೆಂದು ಚೌಕದಾಚೆಯ ದಮಾಸೊನ ಮನೆಗೆ ಹೋದಳು. ದಮಾಸೊ ಮಕಾರಿಯೊನ ಗೆಳೆಯನೋ ವೈರಿಯೋ ಹೇಳುವುದು ಕಷ್ಟ. ನಲವತ್ತು ವರ್ಷ ಇಬ್ಬರೂ ಒಳಗಿನ ಅಣಬೆ ಕಾಣದ ಹಾಗೆ ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದು ಎದುರು ಬದುರಾಗಿ, ಉತ್ತರಕ್ಕೆ ಹೋದವನು ದಕ್ಷಿಣ ಅಂತಲೂ ದಕ್ಷಿಣಕ್ಕೆ ಹೋದವನು ಉತ್ತರ ಅಂತಲೂ ಸುಳ್ಳು ಹೇಳಿಕೊಂಡು, ಒಟ್ಟಿಗೆ ವೈನ್ ಕುಡಿದವರು. ಲಕ್ವ ಹೊಡೆದ ಮೇಲೆ ದಮಾಸೊ ಒಮ್ಮೆಯೂ ನೋಡಲು ಬಂದಿರಲಿಲ್ಲ. ಬೆನಿತಾಳಿಗೆ ಅದರ ಸಿಟ್ಟು ಹೊಟ್ಟೆಯಲ್ಲೇ ಇತ್ತು.

ಬಂದು ಒಂದು ಮಾತಾಡು, ನಿನ್ನ ಮಾತಿಗಾದರೂ ಎದ್ದಾನು ಅಂತ ಕೇಳಿದಳು. ದಮಾಸೊ ತಲೆ ಎತ್ತದೆ ಆಕ್ರೋಡು ಒಡೆಯುತ್ತ ಕೂತ. ಆಮೇಲೆ ಎದ್ದು, ಕಿಟಕಿ ಮುಚ್ಚಿ, ತನ್ನ ಅಣಬೆ ಜಾಗ ಎಲ್ಲಿದೆ ಅಂತ ಅವಳಿಗೆ ಹೇಳಿಬಿಟ್ಟ. ಎಲ್ಲಿ ಅಂತ ಕಥೆ ಹೇಳುವ ನನ್ನನ್ನು ಕೇಳಬೇಡಿ, ನಾನೂ ಇದೇ ಊರಿನವನು. ನೆಲ ಸಪಾಟು, ರಸ್ತೆಯಿಂದ ನೂರು ಹೆಜ್ಜೆ, ಕೋಲೂರಿಕೊಂಡು ಹೋಗಬಹುದು, ಇನ್ನು ಅದು ಮಕಾರಿಯೊನದೇ ಎನ್ನು, ಅಂದ ದಮಾಸೊ.

ಬೆನಿತಾ ಖುಷಿಯಲ್ಲಿ ಓಡೋಡಿ ಬಂದು ಗಂಡನಿಗೆ ಒಪ್ಪಿಸಿದಳು. ಮಕಾರಿಯೊನ ಮುಖ ಬಿಳಚಿಕೊಂಡಿತು. ಆ ಮುಖ ನೋಡಿದ ಮೇಲೆ ಅವಳಿಗೂ ಹೊಳೆಯಿತು. ಈ ಊರಲ್ಲಿ ಅಣಬೆ ಜಾಗವನ್ನು ಹೆಂಡತಿಗೂ ಹೇಳುವುದಿಲ್ಲ. ಬಾಯಿ ಬಿಡುವುದು ಸಾಯುವ ಹೊತ್ತಿಗೆ, ಅದೂ ಒಬ್ಬರಿಗೆ. ಮಕಾರಿಯೊನ ಅಪ್ಪ ಪಾದ್ರಿಯನ್ನು ಬಾಗಿಲ ಹೊರಗೆ ನಿಲ್ಲಿಸಿ, ಮೊದಲು ಮಗನಿಗೆ ಜಾಗ ಹೇಳಿ, ಆಮೇಲೆ ಪಾಪ ಒಪ್ಪಿಕೊಂಡಿದ್ದ.

"ಏನಂತೆ ಅವನಿಗೆ? ಎದೆನೋವಾ?" ಮಕಾರಿಯೊ ಕೇಳಿದ.

"ನನಗೇನೂ ಹೇಳ್ಲಿಲ್ಲ."

"ಹೇಳ್ತಾನಾ ಆ ಕಳ್ಳ! ನನ್ನ ಬೂಟು ಎಲ್ಲಿ?"

ಕಾರು ತರಿಸುತ್ತೇನೆ ಅಂದರೆ ಕೇಳುವ ಪುಣ್ಯಾತ್ಮನೇ ಅವನು? ಬಲಗೈಯಲ್ಲಿ ಕೋಲು, ಎಡಗೈ ಹೆಂಡತಿಯ ಹೆಗಲ ಮೇಲೆ. ಕಂಬಸಾಲಿನ ನೆರಳು ದಾಟಿ ಇಬ್ಬರೂ ಚೌಕಕ್ಕೆ ಬಂದರು. ಮಟಮಟ ಮಧ್ಯಾಹ್ನ. ಬೆಂಚುಗಳಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಕೈ ಎತ್ತಿದರು, ಯಾರೋ ಎದ್ದು ನಿಂತರು. ಬೆನಿತಾ ನಾಚಿಕೆಯಿಂದ ತಲೆ ತಗ್ಗಿಸಿದಳು, ತನಗಾಗಿ ಅಲ್ಲ, ಅವನಿಗಾಗಿ. ಆದರೆ ಮಕಾರಿಯೊ ಯಾರನ್ನೂ ನೋಡಲಿಲ್ಲ. ಕಲ್ಲುಹಾಸಿನ ಮೇಲೆ ಬಲಗಾಲು ಉಜ್ಜುವ ಸದ್ದು ಮಾಡುತ್ತಿತ್ತು. ಅವನ ಕಣ್ಣು ಆಚೆ ದಮಾಸೊನ ಮನೆಯ ಹಸಿರು ಬಾಗಿಲ ಮೇಲಿತ್ತು. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಮನೆಗೆ ಹೋಗೋಣ ಅಂತ ಮಾತ್ರ ಅನ್ನಲಿಲ್ಲ.

ದಮಾಸೊ ಬಾಯಲ್ಲಿ ಆಕ್ರೋಡು ತುಂಬಿಕೊಂಡೇ ಬಾಗಿಲು ತೆಗೆದ. ಕೆನ್ನೆ ಕೆಂಪಗೆ, ಗುಂಡುಕಲ್ಲಿನ ಹಾಗಿದ್ದ.

"ನೀನು ಸಾಯ್ತಿಲ್ವೇನೋ?" ಮಕಾರಿಯೊ ಕೇಳಿದ.

"ನಾನ್ಯಾಕೆ ಸಾಯ್ಲಿ?"

"ಮತ್ತೆ ಜಾಗ ಯಾಕೋ ಕೊಟ್ಟೆ, ಮುಠ್ಠಾಳ?"

ನಿನ್ನ ಕಾಲಿಗೆ ಸಪಾಟು ನೆಲ ಬೇಕಿತ್ತಲ್ಲ, ಅದಕ್ಕೆ ಅಂತ ದಮಾಸೊ ಗೊಣಗಿದ. ಮಕಾರಿಯೊ ಕುರ್ಚಿಗೆ ಕುಸಿದು ಕೂತ. ಆ ಜಾಗ ತನಗೆ ಇಪ್ಪತ್ತು ವರ್ಷದಿಂದ ಗೊತ್ತು, ಅಲ್ಲಿ ಒಂದು ಅಣಬೆಯನ್ನೂ ಕೊಯ್ದವನಲ್ಲ ಎಂದ. ದಮಾಸೊ ಅದಕ್ಕೆ ಬೇಜಾರೂ ಮಾಡಿಕೊಳ್ಳಲಿಲ್ಲ.

ಬೆನಿತಾ ತಡೆಯಲಾರದೆ, ಇಷ್ಟು ಪ್ರೀತಿ ಇದ್ದವನು ನಾಲ್ಕು ತಿಂಗಳು ಎಲ್ಲಿ ಸತ್ತಿದ್ದೆ ಅಂತ ಕೇಳಿಯೇಬಿಟ್ಟಳು. ದಮಾಸೊ ಅವಳ ಕಡೆ ನೋಡಲಿಲ್ಲ, ಗೆಳೆಯನಿಗೇ ಹೇಳಿದ.

"ನೀನು ಕೂತಿರೋದು ನನ್ನ ಕೈಲಿ ನೋಡಕ್ಕಾಗಲ್ಲ ಕಣೋ. ಈ ವರ್ಷ ಕಾಡಿಗೆ ಒಂದಿನ ಹೋದೆ. ಬುಟ್ಟಿಗೆ ಬಟ್ಟೆ ಮುಚ್ಚಿದೆ. ಆಮೇಲೆ ತೆಗೆದ್ಬಿಟ್ಟೆ. ನೀನೇ ಇಲ್ಲ ಅಂದ್ಮೇಲೆ ಯಾರಿಗೆ ಅಂತ ಬಚ್ಚಿಡ್ಲಿ?"

ಮಕಾರಿಯೊ ಕೋಲಿನ ತುದಿಯಿಂದ ನೆಲದ ಮೇಲಿನ ಆಕ್ರೋಡು ಚಿಪ್ಪುಗಳನ್ನು ಅತ್ತಿತ್ತ ಸರಿಸಿದ. ಕಣ್ಣು ಒರೆಸಿಕೊಂಡಿದ್ದನ್ನು ಬೆನಿತಾ ನೋಡಿದಳು, ನೋಡಲಿಲ್ಲ ಅನ್ನುವ ಹಾಗೆ ಕಿಟಕಿಯತ್ತ ತಿರುಗಿದಳು.

"ನಾಳೆ ಎಂಟು ಗಂಟೆಗೆ ಬರ್ತೀನಿ," ಅಂದ ಕೊನೆಗೆ. "ನಿಧಾನಕ್ಕೆ ನಡೀತೀನಿ. ನೀನು ಮುಂದೆ ಓಡಿಹೋದ್ಯೋ, ಈ ಕೋಲು ಇದೆ ನೋಡು."

"ಎಂಟಕ್ಕೆ ಇಬ್ಬನಿ ಇರುತ್ತೆ, ಜಾರ್ತೀಯ. ಒಂಬತ್ತು."

ಎಂಟೋ ಒಂಬತ್ತೋ ಅಂತ ಇಬ್ಬರೂ ಕಾಲು ಗಂಟೆ ಕಿತ್ತಾಡಿದರು. ಬೆನಿತಾ ತಾನೂ ಒಂದು ಆಕ್ರೋಡು ಬಾಯಿಗೆ ಹಾಕಿಕೊಂಡು, ಕಿತ್ತಾಡಲಿ ಅಂತ ಸುಮ್ಮನೆ ಕೂತಳು.